ಜಾತ್ರೆಯ ತೊಟ್ಟಿಲಲ್ಲಿ ಅರ್ಧ ಕಿಲೋ ಖರ್ಜೂರ

ಫಸ್ಟ್ ಪಿಯುನಲ್ಲಿದ್ದಾಗ ನಮ್ಮ ಕಾಲೇಜಿನ ವಿಜ್ಞಾನ ಭಾಷಣ ಸ್ಪರ್ಧೆಗೆ ನಾನೂ ಹೆಸರು ಕೊಟ್ಟಿದ್ದೆ. ಕಾಮರ್ಸ್ ಸೆಕ್ಷನ್ನಿನಿಂದ ಹೋದವಳು ನಾನೊಬ್ಬಳೇ. "ನಿನಗ್ಯಾಕ ಬೇಕು ಇದು?" ಎಂದು ಕೇಳದವರು ಕಡಿಮೆ. ನನ್ನ ವಿಷಯ ‘ಎತ್ತರ ಮತ್ತು ಕಾಲ’. ದುಬೈನ ಬುರ್ಜ್ ಖಲೀಫಾ ಕಟ್ಟಡದ ಮೇಲಿನ ಮಹಡಿಗಳಲ್ಲಿ ಇರುವವರು ರಂಜಾನ್‌ನಲ್ಲಿ ಎರಡು ಮೂರು ನಿಮಿಷ ತಡವಾಗಿ ರೋಜಾ ಬಿಡುತ್ತಾರೆ, ಏಕೆಂದರೆ ಎತ್ತರಕ್ಕೆ ಹೋದಂತೆ ಕಾಲ ಬದಲಾಗುತ್ತದೆ ಎಂದು ಐನ್‌ಸ್ಟೀನ್ ಕಂಡುಹಿಡಿದಿದ್ದಾರೆ ಎಂದೆ. ಹಾಲ್ ತುಂಬ ಚಪ್ಪಾಳೆ. ಎರಡನೇ ಬಹುಮಾನವೂ ಬಂತು.

ಮರುದಿನ ಫಿಸಿಕ್ಸ್ ಸರ್ ಮೆಟ್ಟಿಲ ಹತ್ತಿರ ನಿಲ್ಲಿಸಿ ಹೇಳಿದರು: "ಛಲೋ ಮಾತಾಡಿದಿ. ಆದ್ರ ನೀ ಹೇಳಿದ್ದು ಎರಡೂ ಖರೇ, ಕೂಡಿಸಿದ್ದು ತಪ್ಪು."

ನಾನು ಆ ದಿನ ಮನೆಗೆ ಹೋಗಿ ಊಟ ಮಾಡಲಿಲ್ಲ. ಈಗ ನಗು ಬರುತ್ತದೆ. ಆದರೆ ಅಷ್ಟು ಜನ ಚಪ್ಪಾಳೆ ತಟ್ಟಿದ್ದು ತಪ್ಪಿಗೆ ಎಂದು ಗೊತ್ತಾದರೆ ಯಾರಿಗಾದರೂ ಹಾಗೇ ಆಗುತ್ತದೆ.

ಎಲ್ಲಕ್ಕೂ ಕಾರಣ ಒಂದು ಸಿನಿಮಾ. ಕ್ರಿಸ್ಟೋಫರ್ ನೋಲನ್ ಅವರ ‘ಇಂಟರ್‌ಸ್ಟೆಲ್ಲರ್’, 2014ರದು. ನಾನು ನೋಡಿದ್ದು ಹತ್ತನೇ ತರಗತಿ ಪರೀಕ್ಷೆ ಮುಗಿದ ರಜೆಯಲ್ಲಿ, ಮಾಮೂನ ಲ್ಯಾಪ್‌ಟಾಪಿನಲ್ಲಿ, ಹಿಂದಿ ಡಬ್ಬಿಂಗ್‌ನಲ್ಲಿ. ಭೂಮಿಯಲ್ಲಿ ಬೆಳೆ ಬರದಂತಾಗಿದೆ, ಬೇರೆ ಗ್ರಹ ಹುಡುಕಲು ಒಬ್ಬ ತಂದೆ ಮಕ್ಕಳನ್ನು ಬಿಟ್ಟು ಹೋಗುತ್ತಾನೆ. ದಾರಿಯಲ್ಲಿ ಒಂದು ನೀರಿನ ಗ್ರಹ. ಅದು ಗಾರ್ಗಾಂಟುವಾ ಎಂಬ ದೈತ್ಯ ಕಪ್ಪು ಕುಳಿಯ ಪಕ್ಕದಲ್ಲೇ ಇರುವುದರಿಂದ ಅಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ ಕಳೆದಿರುತ್ತದೆ. ಆ ಮಾತು ಕೇಳಿದಾಗ ನಾನು ಸಿನಿಮಾ ನಿಲ್ಲಿಸಿ ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ಮತ್ತೆ ಅದನ್ನೇ ಹೇಳಿದರು.

ಆ ರಾತ್ರಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಲೆಕ್ಕ ಮಾಡಿದೆ. ಏಳು ವರ್ಷ ಅಂದರೆ 61,320 ಗಂಟೆ. ಅಲ್ಲಿ ಒಂದು ಸೆಕೆಂಡು, ಇಲ್ಲಿ ಹದಿನೇಳು ಗಂಟೆ. ಅಲ್ಲಿ ಒಂದು ಸಲ ಸೀನಿ ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಇಲ್ಲಿ ಎರಡು ದಿನದ ಕಾಲೇಜು ಮುಗಿದಿರುತ್ತದೆ. ಅವರು ಗ್ರಹದಿಂದ ವಾಪಸ್ ಬಂದಾಗ 23 ವರ್ಷ ಕಳೆದಿರುತ್ತದೆ, ಅಂದರೆ ಅಲ್ಲಿದ್ದದ್ದು ಸುಮಾರು ಮೂರು ಗಂಟೆ ಇಪ್ಪತ್ತು ನಿಮಿಷ. ಆಮೇಲೆ ಕಾಮರ್ಸ್ ಸೇರಿ ಚಕ್ರಬಡ್ಡಿ ಕಲಿತಾಗ ಇದನ್ನೂ ಹಾಕಿ ನೋಡಿದೆ: ಹೊರಡುವ ಮುಂಚೆ ಬ್ಯಾಂಕಿನಲ್ಲಿ ಶೇ. 7ರಂತೆ ಸಾವಿರ ರೂಪಾಯಿ ಇಟ್ಟು ಹೋಗಿದ್ದರೆ, ಮೂರು ಚಿಲ್ಲರೆ ಗಂಟೆಯಲ್ಲಿ ಸುಮಾರು 4,740 ರೂಪಾಯಿ. ದಾದಿಗೆ ಹೇಳಿದೆ. "ಸೂದ್ ಕೀ ಬಾತ್ ಘರ್ ಮೇ ನಕ್ಕೋ," ಎಂದು ತಸ್ಬೀಹ್ ಎಣಿಸುವುದನ್ನು ಮುಂದುವರಿಸಿದರು. ಬಡ್ಡಿ ಕಪ್ಪು ಕುಳಿಯ ಪಕ್ಕದಲ್ಲಿ ಬೆಳೆದರೂ ಹರಾಮೇ.

ಸೈನ್ಸ್ ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳುವವರಿಗೆ: ಟ್ಯೂಷನ್ ಖರ್ಚು ಎಷ್ಟಾಗುತ್ತದೆ ಎಂದು ವಿಚಾರಿಸಿದ ಮೇಲೆ ನಾನೇ ಕಾಮರ್ಸ್ ಅಂದೆ. ಅತ್ತದ್ದೇನೂ ಇಲ್ಲ. ಅಕೌಂಟೆನ್ಸಿ ನನಗೆ ಇಷ್ಟವೇ. ಡೆಬಿಟ್ಟು ಕ್ರೆಡಿಟ್ಟು ಎರಡೂ ಕಡೆ ಸರಿ ಬಂದಾಗ ಆಗುವ ಸಂತೋಷ ಸೈನ್ಸಿನವರಿಗೆ ಗೊತ್ತಿರುವುದಿಲ್ಲ.

ಕಾಲದ ಬಗ್ಗೆ ನನ್ನ ಹುಚ್ಚು ಮಾತ್ರ ಸಿನಿಮಾಕ್ಕಿಂತ ಹಳೆಯದು. ನಾನು ಮೂರು ವರ್ಷದವಳಿದ್ದಾಗ ಅಬ್ಬಾ ದುಬೈಗೆ ಹೋದರು, ಎಸಿ ಮೆಕ್ಯಾನಿಕ್ ಆಗಿ. ಹದಿಮೂರಾದಾಗ ಕಾಯಂ ಆಗಿ ಬಂದರು. ನಡುವೆ ನಾಲ್ಕು ಸಲ ರಜೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಫೋನಿನಲ್ಲಿ ಅಮ್ಮಿ "ಅಲ್ಲಿ ಈಗ ಎಷ್ಟು ಗಂಟೆ?" ಎಂದು ಕೇಳುವುದು, ಅಬ್ಬಾ ಹೇಳುವ ಗಂಟೆ ನಮ್ಮ ಗೋಡೆಯ ಗಡಿಯಾರಕ್ಕಿಂತ ಕಡಿಮೆ ಇರುವುದು ಕೇಳಿ ಕೇಳಿ, ಅಬ್ಬಾ ನಿಜವಾಗಿಯೂ ಕಳೆದುಹೋದ ಸಮಯದಲ್ಲಿ ಬದುಕುತ್ತಿದ್ದಾರೆ ಎಂದು ನಾನು ನಂಬಿದ್ದೆ. ಇಲ್ಲಿ ನಡೆದದ್ದು ಅಲ್ಲಿ ಇನ್ನೂ ನಡೆದಿರುವುದಿಲ್ಲ. ಒಮ್ಮೆ ಶಾಲೆಯಲ್ಲಿ ಜಾರಿ ಬಿದ್ದು ಮೊಣಕಾಲು ಒಡೆದುಕೊಂಡಾಗ ಓಡಿ ಬಂದು, "ಅಬ್ಬಾಗೆ ಫೋನ್ ಹಚ್ಚಿ, ನಾನು ಬೀಳೋ ಮುಂಚೆ ಹೇಳ್ತೀನಿ, ಅವರು ತಡೀತಾರ," ಎಂದು ಅತ್ತಿದ್ದೆನಂತೆ. ಅಮ್ಮಿ ಈಗಲೂ ನೆಂಟರೆದುರು ಇದನ್ನು ಹೇಳಿ ನನ್ನ ಮಾನ ತೆಗೆಯುತ್ತಾರೆ.

ಬುರ್ಜ್ ಖಲೀಫಾದ ವಿಷಯ ಹೇಳಿದವರೂ ಅಬ್ಬಾನೇ. 2011ರ ರಂಜಾನ್‌ನಲ್ಲಿ ದುಬೈನ ಮುಫ್ತಿಯವರು, 80ನೇ ಮಹಡಿಯ ಮೇಲಿರುವವರು ಎರಡು ನಿಮಿಷ, 150ನೇ ಮಹಡಿಯ ಮೇಲಿರುವವರು ಮೂರು ನಿಮಿಷ ಕಾದು ರೋಜಾ ಬಿಡಬೇಕು ಎಂದಿದ್ದರು. ಇದು ನಿಜ. ಆದರೆ ಕಾರಣ ಐನ್‌ಸ್ಟೀನ್ ಅಲ್ಲ ಎಂದು ಸರ್ ವಿವರಿಸಿದರು. ಭೂಮಿ ದುಂಡಗಿದೆ. ಎತ್ತರದಲ್ಲಿ ನಿಂತವನಿಗೆ ದೂರದ ಅಂಚು ಇನ್ನೂ ಕೆಳಗೆ ಕಾಣುತ್ತದೆ, ಆದ್ದರಿಂದ ಕೆಳಗಿನವನಿಗೆ ಸೂರ್ಯ ಮುಳುಗಿದ ಮೇಲೂ ಮೇಲಿನವನಿಗೆ ಸ್ವಲ್ಪ ಹೊತ್ತು ಕಾಣುತ್ತಾನೆ. ಇದಕ್ಕೆ ಕಪ್ಪು ಕುಳಿ ಬೇಡ, ಗ್ಲೋಬ್ ಸಾಕು.

ಎತ್ತರದಲ್ಲಿ ಗಡಿಯಾರದ ಓಟವೇ ಬದಲಾಗುವುದು ಬೇರೆ ವಿಷಯ. ಅದೂ ನಿಜ, ಆದರೆ ಬಹಳ ಸಣ್ಣದು. ಗುರುತ್ವದ ಆಳಕ್ಕೆ ಹೋದಷ್ಟೂ ಗಡಿಯಾರ ನಿಧಾನ, ಮೇಲೆ ಹೋದಷ್ಟೂ ಬೇಗ. ಆರುನೂರು ಮೀಟರ್ ಎತ್ತರದ ಮಹಡಿಯಲ್ಲಿ ಒಂದು ವರ್ಷ ಪೂರ್ತಿ ಕೂತರೆ ನೆಲದವನಿಗಿಂತ ಸುಮಾರು ಎರಡು ಮೈಕ್ರೋಸೆಕೆಂಡು ಮುಂದೆ ಹೋಗುತ್ತೀರಿ. ಒಂದು ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿದರೆ ಅದರಲ್ಲಿ ಎರಡು ಚೂರು. ಇಷ್ಟಕ್ಕೆ ಯಾರ ಇಫ್ತಾರೂ ತಡವಾಗುವುದಿಲ್ಲ.

"ಹಂಗಾರ ಅದರಿಂದ ಏನೂ ಫರಕ್ ಇಲ್ಲೇನು ಸರ್?" ಎಂದೆ.

ಸರ್ ನನ್ನ ಕೈಯಲ್ಲಿದ್ದ ಫೋನ್ ತೋರಿಸಿದರು. ಅದರಲ್ಲಿ ನಕ್ಷೆ ನೋಡಲು ಬೇಕಾಗುವ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಮೇಲಿವೆ. ಗುರುತ್ವ ಕಡಿಮೆ ಇರುವುದರಿಂದ ಅವುಗಳ ಗಡಿಯಾರ ದಿನಕ್ಕೆ 45 ಮೈಕ್ರೋಸೆಕೆಂಡು ಮುಂದೆ ಓಡುತ್ತದೆ. ವೇಗವಾಗಿ ಸುತ್ತುವುದರಿಂದ 7 ಮೈಕ್ರೋಸೆಕೆಂಡು ಹಿಂದೆ ಬೀಳುತ್ತದೆ. ಜಮಾ ಖರ್ಚು ಕಳೆದರೆ 38 ಉಳಿಯಿತು. ಇದು ನನಗೆ ಬರುವ ಲೆಕ್ಕ. ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಹೋಗುತ್ತದೆ. ಹಾಗಿದ್ದರೆ 38 ಮೈಕ್ರೋಸೆಕೆಂಡಿನಲ್ಲಿ ಹನ್ನೊಂದು ಕಿಲೋಮೀಟರಿಗೂ ಹೆಚ್ಚು. ಈ ತಪ್ಪನ್ನು ತಿದ್ದದೇ ಬಿಟ್ಟರೆ ಒಂದೇ ದಿನದಲ್ಲಿ, ಶರಣಬಸವೇಶ್ವರ ಗುಡಿಗೆ ಎಂದು ಬುಕ್ ಮಾಡಿದ ಆಟೋ ಯಾವುದೋ ತೊಗರಿ ಹೊಲದಲ್ಲಿ ಹೋಗಿ ನಿಲ್ಲಬಹುದು.

ನನಗೆ ಚಪ್ಪಾಳೆಗಿಂತ ಈ 38 ಹೆಚ್ಚು ಇಷ್ಟವಾಯಿತು. ಸಿನಿಮಾದಲ್ಲಿ ಏಳು ವರ್ಷ ಎಂದು ಕೇಳಿ ಮೈ ಜುಮ್ಮೆಂದಿತ್ತು. ಆದರೆ ಅದು ನೋಲನ್ ಹೇಳಿದ್ದು, ನಾನು ನಂಬಿದ್ದು. 38 ನನ್ನ ಜೇಬಿನಲ್ಲೇ ಇತ್ತು.

ಸಿನಿಮಾವನ್ನು ತೆಗಳುತ್ತಿಲ್ಲ. ಅದರ ಹಿಂದೆ ಕಿಪ್ ಥಾರ್ನ್ ಎಂಬ ನಿಜವಾದ ಭೌತವಿಜ್ಞಾನಿ ಇದ್ದರು. ಆ ಕಪ್ಪು ಕುಳಿಯ ಚಿತ್ರವನ್ನು ಅವರ ಸಮೀಕರಣಗಳಿಂದಲೇ ಮಾಡಿದ್ದು, ಅವರಿಗೆ 2017ರಲ್ಲಿ ಬೇರೆ ಕೆಲಸಕ್ಕಾಗಿ ನೊಬೆಲ್ ಬಂತು. ಕೊನೆಯಲ್ಲಿ ಪುಸ್ತಕದ ಕಪಾಟಿನ ಹಿಂದೆ ನಿಂತು ಮಗಳಿಗೆ ಸಂದೇಶ ಕಳಿಸುವ ಭಾಗ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಅದಾದ ಮೇಲೆ ‘ಟೆನೆಟ್’ ನೋಡಿದೆ, ತಲೆನೋವು ಬಂತು. ಕನ್ನಡದಲ್ಲೇ 2024ರಲ್ಲಿ ಬಂದ ‘ಬ್ಲಿಂಕ್’ ಅದಕ್ಕಿಂತ ಚೆನ್ನಾಗಿ ಅರ್ಥವಾಯಿತು. ಹಾಲಿವುಡ್‌ನವರಿಗೇ ಕಾಲಪ್ರಯಾಣ ಗುತ್ತಿಗೆ ಕೊಟ್ಟಿಲ್ಲವಲ್ಲ.

ಪರೀಕ್ಷೆ ಮುಗಿದ ಮೇಲೆ ಸರ್ ಲ್ಯಾಬಿನಿಂದ ಒಂದು ಸ್ಪ್ರಿಂಗ್ ತಕ್ಕಡಿ ಕೊಟ್ಟರು. ಕೊಕ್ಕೆಗೆ ವಸ್ತು ತೂಗುಹಾಕಿದರೆ ಮುಳ್ಳು ಗ್ರಾಂ ತೋರಿಸುತ್ತದಲ್ಲ, ಅದು. "ಶರಣಬಸವೇಶ್ವರ ಜಾತ್ರಿಗೆ ಹೋಗ್ತೀರಲ್ಲ, ಜಾಯಿಂಟ್ ವೀಲ್ ಹತ್ತು, ಇದರಾಗ ಏನಾದ್ರೂ ತೂಗು. ಐನ್‌ಸ್ಟೀನ್ ಹೆಂಗ ಶುರು ಮಾಡಿದ ಅಂಬೋದು ತಿಳೀತದ," ಎಂದರು.

ಹೋಳಿ ಹುಣ್ಣಿಮೆ ಮುಗಿದು ಕೆಲವು ದಿನಕ್ಕೆ ನಮ್ಮ ಊರಲ್ಲಿ ಶರಣಬಸವೇಶ್ವರರ ತೇರು. ಈಚೆಗೆ ಎರಡು ಮೂರು ವರ್ಷ ಅದು ರಂಜಾನ್ ತಿಂಗಳಲ್ಲೇ ಬಂದಿದೆ. ನಮ್ಮ ತಿಂಗಳು ಪ್ರತಿ ವರ್ಷ ಹನ್ನೊಂದು ದಿನದಷ್ಟು ಹಿಂದಕ್ಕೆ ಸರಿಯುವುದರಿಂದ ಇನ್ನು ಕೆಲವು ವರ್ಷಕ್ಕೆ ಎರಡೂ ಬೇರೆಯಾಗುತ್ತವೆ. ಹೀಗಾಗಿ ಇಫ್ತಾರ್ ಮಾಡಿ, ಮಗ್ರಿಬ್ ಮುಗಿಸಿ, ತಮ್ಮನನ್ನು ಕರೆದುಕೊಂಡು ಹೋದೆ. ಗೆಳತಿ ಗುಡಿಯ ಹತ್ತಿರ ಕಾಯುತ್ತಿದ್ದಳು. ತೂಗಲು ಏನು ಒಯ್ಯುವುದು ಎಂದು ನೋಡಿದರೆ ಮನೆಯಲ್ಲಿ ಒಡೆಯದ ಅರ್ಧ ಕಿಲೋ ಖರ್ಜೂರದ ಪ್ಯಾಕೆಟ್ ಇತ್ತು. ಅದೇ ಸರಿ.

ಜಾಯಿಂಟ್ ವೀಲಿಗೆ ನಮ್ಮ ಓಣಿಯಲ್ಲಿ ತೊಟ್ಟಿಲು ಎನ್ನುತ್ತಾರೆ. ಟಿಕೆಟ್ ಹರಿಯುವವನು ತಕ್ಕಡಿ ನೋಡಿ, "ಯಾಕವ್ವಾ, ಮ್ಯಾಲ ಹೋಗಿ ಯಾಪಾರ ಮಾಡ್ತೀ ಏನು?" ಎಂದ. ಕೆಳಗೆ ನಿಂತಾಗ ಮುಳ್ಳು 500ರ ಮೇಲಿತ್ತು. ತೊಟ್ಟಿಲು ಜೋರಾದ ಮೇಲೆ ನೋಡಬೇಕಿತ್ತು. ತುದಿ ದಾಟುವಾಗ ಹೊಟ್ಟೆಯೊಳಗಿನ ಸಮೋಸಾ ಗಂಟಲಿಗೆ ಬಂದಂತಾಯಿತು, ಅದೇ ಹೊತ್ತಿಗೆ ಮುಳ್ಳು 400ರ ಕೆಳಗೆ ಇಳಿಯಿತು. ತಳಕ್ಕೆ ಬಂದಾಗ 600 ದಾಟಿತು. ಗೆಳತಿ ಕಣ್ಣು ಮುಚ್ಚಿ "ಶರಣಬಸಪ್ಪಾ" ಎನ್ನುತ್ತಿದ್ದವಳು ಒಂದು ಕಣ್ಣು ತೆಗೆದು ನೋಡಿ, "ಏ, ಮುಳ್ಳ ಹೌದು ಸರದಾಡ್ಲಿಕತ್ತದ!" ಎಂದಳು. ಪ್ಯಾಕೆಟ್ ಮುಟ್ಟಿಲ್ಲ, ಒಂದು ಖರ್ಜೂರವೂ ತಿಂದಿಲ್ಲ, ತೂಕ ಮಾತ್ರ ಏರುತ್ತಿದೆ, ಇಳಿಯುತ್ತಿದೆ. ನನ್ನ ಕೈ ನಡುಗುತ್ತಿದ್ದುದರಿಂದ ಸರಿಯಾದ ಅಂಕಿ ಬರೆದುಕೊಳ್ಳಲು ಆಗಲಿಲ್ಲ. ಆದರೆ ನೋಡಿದ್ದು ನೋಡಿದ್ದೇ.

ಸರ್ ಹೇಳಿದ್ದು ಇದು: 1907ರಲ್ಲಿ ಐನ್‌ಸ್ಟೀನ್‌ಗೆ, ಮೇಲಿಂದ ಬೀಳುತ್ತಿರುವವನಿಗೆ ಬೀಳುವಷ್ಟು ಹೊತ್ತು ತನ್ನ ತೂಕವೇ ತಿಳಿಯುವುದಿಲ್ಲ ಎಂಬ ಯೋಚನೆ ಬಂತು. ತನ್ನ ಬದುಕಿನ ಅತ್ಯಂತ ಸಂತೋಷದ ಯೋಚನೆ ಅದೇ ಎಂದು ಅವರು ಆಮೇಲೆ ಹೇಳಿಕೊಂಡರು. ಅಲ್ಲಿಂದ ಎಂಟು ವರ್ಷ ಕಷ್ಟಪಟ್ಟು 1915ಕ್ಕೆ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಮುಗಿಸಿದರು. ಸಿನಿಮಾದ ಏಳು ವರ್ಷ ಹುಟ್ಟಿದ್ದು ಅದರಿಂದಲೇ. ಪಕ್ಕದಲ್ಲೇ ಮೌತ್ ಕಾ ಕುಂವಾ ಇತ್ತು. ಹಲಗೆಯ ಬಾವಿಯ ಗೋಡೆಯ ಮೇಲೆ ಬೈಕ್ ಸುತ್ತುತ್ತದೆ, ಗೋಡೆ ಒಳಕ್ಕೆ ಒತ್ತುತ್ತದೆ, ಸವಾರನಿಗೆ ಗೋಡೆಯೇ ನೆಲದ ಹಾಗೆ. ಸಿನಿಮಾದಲ್ಲಿ ಆಕಾಶನೌಕೆಯನ್ನು ಗರಗರ ತಿರುಗಿಸಿ ಒಳಗಿನವರಿಗೆ ತೂಕ ಬರುವಂತೆ ಮಾಡುತ್ತಾರೆ. ನಮ್ಮ ಜಾತ್ರೆಯಲ್ಲಿ ಅದನ್ನು ಹಳೇ ಬೈಕಿನಲ್ಲಿ, ಕೈಬಿಟ್ಟು, ಹತ್ತು ರೂಪಾಯಿ ನೋಟು ಕಸಿದುಕೊಳ್ಳುತ್ತ ಮಾಡುತ್ತಾರೆ.

ತೊಟ್ಟಿಲಿನಿಂದ ಇಳಿದು ತಲೆ ತಿರುಗಿ ಒಂದು ಹಣ್ಣಿನ ಬಂಡಿ ಹಿಡಿದು ನಿಂತಿದ್ದೆವು. ಬಂಡಿಯವನ ಕೈಯಲ್ಲಿ ಎರಡು ಪರಡಿಯ ಹಳೇ ತರಾಜು. ಒಂದರಲ್ಲಿ ಕಬ್ಬಿಣದ ಕಲ್ಲು, ಒಂದರಲ್ಲಿ ದ್ರಾಕ್ಷಿ. ಆಗ ಹೊಳೆಯಿತು: ಈ ತರಾಜನ್ನು ತೊಟ್ಟಿಲಿಗೆ ಒಯ್ದಿದ್ದರೆ ಏನೂ ಕಾಣುತ್ತಿರಲಿಲ್ಲ! ತುದಿಯಲ್ಲಿ ದ್ರಾಕ್ಷಿಯೂ ಹಗುರ, ಕಲ್ಲೂ ಅಷ್ಟೇ ಹಗುರ. ತಳದಲ್ಲಿ ಎರಡೂ ಭಾರ. ಕಡ್ಡಿ ಅಲ್ಲಾಡುವುದೇ ಇಲ್ಲ. ಸ್ಪ್ರಿಂಗ್ ತಕ್ಕಡಿಯವನು ತೊಟ್ಟಿಲ ತುದಿಯಲ್ಲಿ ಮಾರಿದರೆ ಗಿರಾಕಿಗೆ ಲಾಭ, ತರಾಜಿನವನ ಹತ್ತಿರ ಯಾರಿಗೂ ಲಾಭವಿಲ್ಲ, ನಷ್ಟವೂ ಇಲ್ಲ. ಇದನ್ನು ಗೆಳತಿಗೆ ಹೇಳಿದರೆ "ನೀ ಮೊದಲ ದ್ರಾಕ್ಷಿ ತಗೋ" ಎಂದಳು.

ದ್ರಾಕ್ಷಿ ತಿನ್ನುತ್ತ ಕೆರೆಯ ಕಡೆ ಕೂತೆವು. ನೀರಿನ ಗ್ರಹದ ಕಥೆ ಹೇಳಿದೆ. ಅವಳು, ನಮ್ಮಲ್ಲೂ ಇದೆ ಎಂದು ರೇವತಿಯ ಕಥೆ ಹೇಳಿದಳು. ರಾಜ ಕಕುದ್ಮಿ ಮಗಳಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಹಾಡು ನಡೆದಿತ್ತು, ಮುಗಿಯಲಿ ಎಂದು ಕಾದ. ಅಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಕಳೆದು, ಅವನು ನೋಡಿಟ್ಟಿದ್ದ ವರಗಳು ಯಾರೂ ಉಳಿದಿರಲಿಲ್ಲ. ನಾನು ದಾದಿ ಹೇಳುವ ಅಸ್‌ಹಾಬೆ ಕಹಫ್ ಕಥೆ ಹೇಳಿದೆ. ಗವಿಯಲ್ಲಿ ಮಲಗಿದ ಯುವಕರು 309 ವರ್ಷದ ಮೇಲೆ ಎದ್ದು, ಒಂದು ದಿನವೋ ಅರ್ಧ ದಿನವೋ ಮಲಗಿದ್ದೆವು ಅಂದುಕೊಂಡರು. ಊಟ ತರಲು ಪೇಟೆಗೆ ಹೋದವನ ಕೈಯಲ್ಲಿದ್ದ ನಾಣ್ಯ ಹಳೆಯ ರಾಜನದು. 2016ರ ನವೆಂಬರ್‌ನಲ್ಲಿ ನಮ್ಮ ದಾದಿ ಅಕ್ಕಿ ಡಬ್ಬಿಯಿಂದ ತೆಗೆದ ಐನೂರರ ನೋಟುಗಳ ಹಾಗೆ.

ವಾಟ್ಸಾಪ್‌ನಲ್ಲಿ ಎರಡೂ ಕಡೆಯಿಂದ ಬರುತ್ತವೆ, ಐನ್‌ಸ್ಟೀನ್‌ಗಿಂತ ಮುಂಚೆಯೇ ಎಲ್ಲ ನಮ್ಮ ಗ್ರಂಥದಲ್ಲಿತ್ತು ಎಂದು. ನನಗೆ ಅದು ಸರಿ ಅನ್ನಿಸುವುದಿಲ್ಲ. ಗವಿಯ ಯುವಕರು ಮಲಗಿದ್ದು ಅಲ್ಲಾಹನ ಇಚ್ಛೆಯಿಂದ, ಅದನ್ನು ನಂಬಲು ನನಗೆ ಸೂತ್ರ ಬೇಕಾಗಿಲ್ಲ. ಉಪಗ್ರಹದ ಗಡಿಯಾರ ತಿದ್ದಲು ಸೂತ್ರ ಬೇಕೇ ಬೇಕು, ಅದು ಕಥೆಯಿಂದ ಸಿಗುವುದಿಲ್ಲ. ನಾನೇ ಒಮ್ಮೆ ಇಫ್ತಾರನ್ನೂ ಐನ್‌ಸ್ಟೀನನ್ನೂ ಕೂಡಿಸಿ ಬಹುಮಾನ ತಗೊಂಡವಳು, ಆದ್ದರಿಂದ ಹೇಳುತ್ತಿದ್ದೇನೆ.

ನಾವು ಕೂತಿದ್ದಾಗ ಗುಡಿಯ ಗಂಟೆ ಬಾರಿಸಿತು. ಬಡಿದು ಬಿಟ್ಟ ಮೇಲೂ ಸ್ವಲ್ಪ ಹೊತ್ತು ಗುಂಯ್ ಎನ್ನುತ್ತ ಸಣ್ಣದಾಗಿ ಹೋಗುತ್ತದಲ್ಲ, ಆಗ ಸರ್ ಹೇಳಿದ್ದ ಇನ್ನೊಂದು ಮಾತು ನೆನಪಾಯಿತು. ಇದೆಲ್ಲ ಇಂಗ್ಲಿಷಿನವರೇ ಕಂಡುಹಿಡಿದದ್ದಲ್ಲವೇ ಎಂದು ಕೇಳಿದ್ದಕ್ಕೆ ಅವರು ಸಿ.ವಿ. ವಿಶ್ವೇಶ್ವರ ಅವರ ಹೆಸರು ಹೇಳಿದ್ದರು. ಬೆಂಗಳೂರಿನವರು, ಕನ್ನಡ ಲೇಖಕ ಸಿ.ಕೆ. ವೆಂಕಟರಾಮಯ್ಯನವರ ಮಗ, ಜವಾಹರಲಾಲ್ ನೆಹರೂ ತಾರಾಲಯದ ಮೊದಲ ನಿರ್ದೇಶಕರು. ಕಪ್ಪು ಕುಳಿಯನ್ನು ಕೆಣಕಿದರೆ ಅದೂ ಗಂಟೆಯ ಹಾಗೆ ಮಿಡಿದು ನಿಧಾನಕ್ಕೆ ಸುಮ್ಮನಾಗುತ್ತದೆ ಎಂದು 1970ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಯಾರು ಹೇಗೆ ಬಡಿದರು ಎಂಬುದು ಮುಖ್ಯವಲ್ಲ, ಗಂಟೆ ಎಷ್ಟು ದೊಡ್ಡದು ಎಂಬುದರ ಮೇಲೆ ನಾದ. ಆಗ ಕಪ್ಪು ಕುಳಿ ನಿಜವಾಗಿ ಇದೆಯೇ ಎಂದೇ ಬಹಳ ಜನಕ್ಕೆ ಅನುಮಾನ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳಿಗೆ 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪು ಕುಳಿ ಡಿಕ್ಕಿಯಾಗಿ ಒಂದಾದ ಅಲೆ ಸಿಕ್ಕಿತು, ಕೊನೆಯಲ್ಲಿ ಅದೇ ಸಣ್ಣಗಾಗುವ ಮಿಡಿತ. ಕಿಪ್ ಥಾರ್ನ್ ಅವರಿಗೆ ನೊಬೆಲ್ ಬಂದದ್ದು ಈ ಕೆಲಸಕ್ಕೇ. 45 ವರ್ಷ ಕಾದ ಲೆಕ್ಕ ತಾಳೆಯಾದದ್ದನ್ನು ವಿಶ್ವೇಶ್ವರ ಅವರು ನೋಡಿದರು. 2017ರ ಜನವರಿಯಲ್ಲಿ ತೀರಿಕೊಂಡರು.

ಮನೆಗೆ ಬಂದು ಸಹರಿ ಹೊತ್ತಿಗೆ ಎಲ್ಲರೆದುರು ಖರ್ಜೂರದ ಪ್ಯಾಕೆಟ್ ಒಡೆದು ಕಥೆ ಹೇಳಿದೆ. ದಾದಿಗೆ ಅನುಮಾನ ಇದ್ದದ್ದು ಒಂದೇ. ಆ ಗ್ರಹದಲ್ಲಿ ಇರುವವನ ಗಂಟೆ ಅಷ್ಟು ದೊಡ್ಡದಾದರೆ, "ತೋ ಉಸ್‌ಕೂ ಉಮರ್ ಜ್ಯಾದಾ ಮಿಲೀ ನೈ?" ಆಯುಷ್ಯ ಹೆಚ್ಚು ಸಿಕ್ಕಿತಲ್ಲವೇ ಎಂದು. ಹಿಂದೆ ಇದೇ ಪ್ರಶ್ನೆಗೆ ನಾನು ಹೌದು ಎಂದಿದ್ದೆ. ಈ ಸಲ ತರಾಜಿನ ಲೆಕ್ಕ ಹೇಳಿದೆ. ಅವನ ಗಡಿಯಾರವೊಂದೇ ನಿಧಾನವಲ್ಲ, ದಾದಿ. ಅವನ ಎದೆಬಡಿತ, ಹಸಿವು, ಉಗುರು ಬೆಳೆಯುವುದು, ಯೋಚನೆ ಎಲ್ಲವೂ ಅಷ್ಟೇ ನಿಧಾನ. ಎರಡೂ ಪರಡಿ ಒಟ್ಟಿಗೇ ಹಗುರವಾದ ಹಾಗೆ. ಅವನಿಗೆ ಒಂದು ಗಂಟೆ ಒಂದೇ ಗಂಟೆ. ಒಂದು ದುವಾ ಕೂಡ ಹೆಚ್ಚಿಗೆ ಓದಲು ಆಗುವುದಿಲ್ಲ. ಮನೆಗೆ ಬಂದು ಬೇರೆಯವರನ್ನು ನೋಡಿದಾಗಲೇ ಗೊತ್ತಾಗುವುದು.

"ತೋ ಫಾಯ್ದಾ ಕ್ಯಾ?" ಎಂದರು ದಾದಿ.

ಅಬ್ಬಾ ಸುಮ್ಮನೆ ರೊಟ್ಟಿ ಮುರಿಯುತ್ತಿದ್ದವರು, "ಕುಛ್ ನೈ," ಎಂದರು. ಆಮೇಲೆ ಅವರಷ್ಟಕ್ಕೇ ಎಂಬಂತೆ, ದುಬೈನಲ್ಲಿ ಕೆಲಸ, ರೂಮು, ಕೆಲಸ, ರೂಮು, ಹತ್ತು ವರ್ಷ ಒಂದೇ ದಿನದ ಹಾಗಿತ್ತು ಎಂದರು.

ಈದ್ ಆದ ಮೇಲಿನ ಭಾನುವಾರ ಅವರನ್ನು ಕೂರಿಸಿಕೊಂಡು ‘ಇಂಟರ್‌ಸ್ಟೆಲ್ಲರ್’ ಹಾಕಿದೆ. ನಮ್ಮ ಕಾಲಕ್ಕೇ ಟೈಮ್ ಮಷೀನ್ ಬಂದಿತ್ತು ಎಂದು ಅವರು ಮೊದಲೇ ಶುರು ಮಾಡಿದರು. 1991ರ ತೆಲುಗು ಚಿತ್ರ ‘ಆದಿತ್ಯ 369’, ಬಾಲಕೃಷ್ಣ ಯಂತ್ರದಲ್ಲಿ ಕೂತು ಶ್ರೀಕೃಷ್ಣದೇವರಾಯನ ಆಸ್ಥಾನಕ್ಕೆ ಹೋಗುತ್ತಾನೆ. ಅದನ್ನು ಮಾಡಿದ ಸಿಂಗೀತಂ ಶ್ರೀನಿವಾಸರಾವ್ ಅವರೇ ರಾಜ್‌ಕುಮಾರ್ ಅವರ ‘ಹಾಲು ಜೇನು’ ಮಾಡಿದ್ದು ಎಂದು ನಾನು ಹೇಳಿದರೆ ಅವರು ನಂಬಲಿಲ್ಲ, ಫೋನಿನಲ್ಲಿ ತೋರಿಸಬೇಕಾಯಿತು.

ನೀರಿನ ಗ್ರಹ ಬಂತು, ಹೋಯಿತು. ತಂದೆ ನೌಕೆಗೆ ಮರಳಿ, 23 ವರ್ಷದಲ್ಲಿ ಮಕ್ಕಳು ಕಳಿಸಿದ ವಿಡಿಯೋಗಳನ್ನು ಒಂದರ ಹಿಂದೆ ಒಂದು ನೋಡುತ್ತ ಕೂರುತ್ತಾನೆ. ಹುಡುಗನಾಗಿದ್ದ ಮಗ ಅಲ್ಲೇ ಕಣ್ಣೆದುರು ದೊಡ್ಡವನಾಗುತ್ತಾನೆ. ಅಬ್ಬಾ ಎದ್ದು, ಮೋಟರ್ ಬಂದ್ ಮಾಡಿ ಬರ್ತೀನಿ ಎಂದು ಹೊರಗೆ ಹೋದರು. ಮೋಟರ್ ಹಚ್ಚಿರಲಿಲ್ಲ. ನಾನು ಸಿನಿಮಾ ನಿಲ್ಲಿಸಿ ಕಾದೆ.

ರಜೆಗೆ ಬರುವಾಗಲೆಲ್ಲ ಅಬ್ಬಾ ನನಗೆ ಫ್ರಾಕ್ ತರುತ್ತಿದ್ದರು. ಎಲ್ಲವೂ ಹಿಂದಿನ ರಜೆಯಲ್ಲಿ ನಾನಿದ್ದ ಅಳತೆಯವು. ಅಮ್ಮಿ ಹೊಲಿಗೆ ಬಿಚ್ಚಿ ಅಗಲ ಮಾಡುತ್ತಿದ್ದರು. ಜರಿಯ ಹಸಿರು ಫ್ರಾಕ್ ಒಂದು ಬಿಚ್ಚಿದರೂ ತಲೆಯೊಳಗೆ ಇಳಿಯಲಿಲ್ಲ.

ಹತ್ತು ನಿಮಿಷದ ಮೇಲೆ ಮುಖ ತೊಳೆದುಕೊಂಡು ಬಂದು ಕೂತರು.

"ವೋ ಹರಾ ಫ್ರಾಕ್ ಕಿಸ್‌ಕೂ ದಿಯೇ ಥೇ?" ಎಂದು ಕೇಳಿದರು.

ಖಾಲಾನ ಮಗಳಿಗೆ ಕೊಟ್ಟೆವು ಎಂದೆ. ಅವಳೂ ಈಗ ಎಂಟನೇ ತರಗತಿ. ಅಬ್ಬಾ ತಲೆಯಾಡಿಸಿ, ಮುಂದೆ ಹಾಕು ಎಂದು ಕೈ ಮಾಡಿದರು.